ಏಳು ಕೊಳಾಯಿ, ಒಂದು ಗುಂಡಿ

ತಮಿಳು ಸೀಮೆಯ ಚಿನ್ನಮನೂರಿನ ಬಾಳೆಲೆ ವ್ಯಾಪಾರಿ ಕರುಪ್ಪಯ್ಯನಿಗೆ ಪೂರ್ತಿ ತಿಳಿದ ವಿಷಯಗಳು ಕಡಿಮೆ. ಅರ್ಧ ತಿಳಿದವು ಲೆಕ್ಕವಿಲ್ಲದಷ್ಟು. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಹೆಂಡತಿ ಗೋವಿಂದಮ್ಮಾಳ್ ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತೇನಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ದಾರಿಹೋಕರು ಕೇಳಿದರೆ, ತೋಚಿದ ಒಂದು ಹೊತ್ತನ್ನು ಧೈರ್ಯವಾಗಿ ಹೇಳಿಬಿಡುವನು. ಕೇಳಿದವರು ಅವನನ್ನು ನಂಬಿ ನಿಲ್ದಾಣದಲ್ಲಿ ಕೂತಿರುವರು. ಇದರಿಂದ ಯಾರಿಗೂ ದೊಡ್ಡ ಕೇಡಾಗಿರಲಿಲ್ಲ. ಆದದ್ದು ತೊಂಬತ್ತೆಂಟನೆಯ ಇಸವಿಯಲ್ಲಿ, ಅವನ ಮನೆಗೆ ಕೊಳಾಯಿ ಬಂದ ಮೇಲೆ.

ಆ ವರ್ಷ ಅವರ ಬೀದಿಗೆ ಹೊಸ ನೀರಿನ ಲೈನು ಎಳೆದರು. ಉಳಿದವರು ಮನೆ ಮುಂದೆ ಒಂದೊಂದು ಕೊಳಾಯಿ ಹಾಕಿಸಿಕೊಂಡು ತೃಪ್ತರಾದರು. ಕರುಪ್ಪಯ್ಯ ಹಾಗೆ ತೃಪ್ತನಾಗುವ ಆಸಾಮಿಯಲ್ಲ. ನೆಲದಲ್ಲಿ ತೊಟ್ಟಿ ಕಟ್ಟಿಸಿದ, ಮಾಳಿಗೆಯ ಮೇಲೆ ಟ್ಯಾಂಕು ಕೂರಿಸಿದ, ಕೆಳಗಿನಿಂದ ಮೇಲಕ್ಕೆ ನೀರೆತ್ತಲು ಎಲ್ಲಿಂದಲೋ ಒಂದು ಹಳೆಯ ಮೋಟರು ತಂದ. ಮನೆಯಿಡೀ ಕಬ್ಬಿಣದ ಪೈಪು ಓಡಿಸಿ ಏಳು ಹಿತ್ತಾಳೆ ಕೊಳಾಯಿ ಹಾಕಿಸಿದ. ಅಡಿಗೆಮನೆಗೆ ಎರಡು, ಬಚ್ಚಲಿಗೆ ಎರಡು, ಹಿತ್ತಿಲಿಗೆ ಒಂದು, ಮುಂಬಾಗಿಲಲ್ಲಿ ಕಾಲು ತೊಳೆಯಲು ಒಂದು. ಏಳನೆಯದಕ್ಕೆ ಮನೆಯಲ್ಲಿ ಜಾಗ ಸಿಗದೆ, ಗೋಡೆಗೆ ತೂತು ಕೊರೆಸಿ ಪಕ್ಕದ ಮನೆಯ ಮುತ್ತಮ್ಮಾಳ ಹಿತ್ತಿಲಿಗೆ ಬಿಟ್ಟ. ಇದು ತನ್ನ ದೊಡ್ಡ ಮನಸ್ಸು ಎಂದು ಅವನು ತಿಳಿದಿದ್ದ. ದಿನಕ್ಕೆ ಹತ್ತು ಸಲ ತನ್ನ ದೊಡ್ಡಸ್ತಿಕೆಯನ್ನು ತೋರಿಸುವ ಉಪಾಯ ಎಂದು ಮುತ್ತಮ್ಮಾಳ್ ತಿಳಿದಿದ್ದಳು. ಆದರೂ ಅವಳ ಹಸುವಿಗೆ ಆ ನೀರು ಒಗ್ಗಿತ್ತು.

ವೈರಿಂಗ್ ಕೆಲಸ ಲೋಗೇಶನದು. ತೆಳ್ಳನೆಯ ಆಳು; ಮಾತು ಇನ್ನೂ ತೆಳ್ಳಗೆ. ಅವನು ಮೋಟರನ್ನು ಒಮ್ಮೆ ನೋಡಿದ, ಪೈಪುಗಳನ್ನು ಒಮ್ಮೆ ನೋಡಿದ, ಸ್ಕ್ರೂಡ್ರೈವರ್ ಜೇಬಿಗಿಟ್ಟ.

“ಅಣ್ಣೆ, ಮೋಟರು ಹಳೇದು. ಪೈಪೆಲ್ಲಾ ಕಬ್ಬಿಣ. ಎರ್ತ್ ಹಾಕದೆ ನಾನು ಸ್ವಿಚ್ಚಿಗೆ ಕೈಯಿಡಲ್ಲ.”

“ಎರ್ತ್ ಅಂದ್ರೆ ನನಗೆ ತಿಳೀದಾ” ಎಂದ ಕರುಪ್ಪಯ್ಯ. ತಿಳಿದಿರಲಿಲ್ಲ.

ಅದು ಲೋಗೇಶನಿಗೆ ಗೊತ್ತಾಗಿರಬೇಕು. “ಮೋಟರೊಳಗೆ ಕರೆಂಟು ಸೋರಿದ್ರೆ ಪೈಪಿಗೆ ಬರ್ತದೆ. ಕೊಳಾಯಿ ಮುಟ್ಟಿದವರಿಗೆ ಅಡಿ ಬೀಳ್ತದೆ, ಒದ್ದಂಗೆ. ಎರ್ತ್ ಹಾಕಿಬಿಟ್ರೆ ಆ ಅಡಿ ಕಂಬಿ ಹಿಡ್ಕಂಡು ಮಣ್ಣಿಗೆ ಇಳಿದೋಗ್ತದೆ. ಅಷ್ಟೆ” ಎಂದ. ಮೂಟೆ ಇದ್ದಿಲು, ಮೂಟೆ ಕಲ್ಲುಪ್ಪು, ಒಂದು ತಾಮ್ರದ ತಗಡು, ಅಳತೆಗೆ ತಾಮ್ರದ ಕಂಬಿ ತಂದಿಡಲು ಹೇಳಿದ. ನೆಲ ಮಾತ್ರ ಯಾವಾಗಲೂ ತೇವವಿರಬೇಕು.

ಮನೆಯ ಸುತ್ತ ತೇವದ ಜಾಗ ಒಂದೇ ಇತ್ತು. ಬಚ್ಚಲ ನೀರು ಹೋಗಿ ನಿಲ್ಲುವ ಹಿತ್ತಿಲ ಮೂಲೆ, ಮುತ್ತಮ್ಮಾಳ ಗೋಡೆಗೆ ಒತ್ತಿಕೊಂಡು. ಲೋಗೇಶನಿಗೆ ಬಿಡುವಿದ್ದದ್ದೂ ಒಂದೇ ದಿನ, ಕಂಟ್ರಾಕ್ಟರ್ ರಜೆ ಕೊಡುವ ಅಮಾವಾಸ್ಯೆ. ಅಗೆಯುತ್ತ ಅಗೆಯುತ್ತ ಹೊತ್ತು ನೆತ್ತಿಗೆ ಬಂತು. ಇಷ್ಟೂ ಸಾಲದೆಂಬಂತೆ ಮುತ್ತಮ್ಮಾಳ್ ಅದೇ ಹೊತ್ತಿಗೆ ಕರಿಬೇವು ಕೀಳಲು ಹಿತ್ತಿಲಿಗೆ ಬಂದು, ಗೋಡೆಯ ಮೇಲಿಂದ ಇಣುಕಿದಳು.

ಅವಳಿಗೆ ಕಂಡದ್ದು ಇಷ್ಟು. ಆಳೆತ್ತರಕ್ಕೂ ಮಿಕ್ಕಿದ ಗುಂಡಿ. ಅಂಚಿನಲ್ಲಿ ಇದ್ದಿಲು, ಉಪ್ಪು. ಬಿಸಿಲಿಗೆ ಕೆಂಪಗೆ ಮಿನುಗುವ ತಗಡು. ಪಕ್ಕದಲ್ಲಿ ಬರಿಮೈಯಲ್ಲಿ ಬೆವರುತ್ತ ನಿಂತ ಕರುಪ್ಪಯ್ಯ. ಗುಂಡಿಯ ತಳದಲ್ಲಿ ಕೂತು ತಗಡು ನಿಲ್ಲಿಸುತ್ತಿದ್ದ ಲೋಗೇಶ್ ಕಾಣಲಿಲ್ಲ.

“ಏನ್ ತಮ್ಮಾ ಇದು, ನೆತ್ತಿ ಸುಡೋ ಉಚ್ಚಿ ಬಿಸಿಲಲ್ಲಿ?”

ಲೋಗೇಶನನ್ನು ಕೇಳು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದ್ದು ತನ್ನನ್ನು. ಕರುಪ್ಪಯ್ಯ ಟವೆಲಿನಿಂದ ಮುಖ ಒರೆಸಿಕೊಂಡು ವಿವರಿಸತೊಡಗಿದ.

“ನಮ್ಮ ಮನೆಗೆ ಬರೋ ಅಡಿ ನಮ್ಮ ಮೇಲೆ ಬೀಳದಂಗೆ ಈ ಕಡೆ ಇಳಿಸೋದು ಅಕ್ಕಾ.”

“ಈ ಕಡೆ ಅಂದ್ರೆ?”

“ಇದೇ, ನಿಮ್ಮ ಗೋಡೆ ಕಡೆ. ನಿಮ್ಮ ಕಡೆ ತೇವ ಜಾಸ್ತಿ ಅಲ್ವಾ, ಚೆನ್ನಾಗಿ ಎಳ್ಕಂತದೆ.”

“ಉಪ್ಪು ಯಾಕೆ?”

“ಉಪ್ಪಿಲ್ಲದೆ ಅದು ಹಿಡಿಯಲ್ಲ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಓದಿದ ಯಾವ ಇಂಜಿನಿಯರನ್ನು ಕೇಳಿದರೂ ಹೌದೆನ್ನುತ್ತಾರೆ. ಕರುಪ್ಪಯ್ಯ ಜೀವಮಾನದಲ್ಲಿ ಕೊಟ್ಟ ಸರಿಯಾದ ವಿವರಣೆ ಇದೊಂದೇ, ಇದರಿಂದಲೇ ಅವನು ಕೆಟ್ಟ.

ಮುತ್ತಮ್ಮಾಳ್ ಬಾಯಿ ತೆರೆಯುವಷ್ಟರಲ್ಲಿ ಭೂಮಿಯೊಳಗಿಂದ ಒಂದು ದನಿ ಕೇಳಿತು. “ಉಪ್ಪು ಕೊಡು. ಇನ್ನೂ ಕೊಡು.”

ಗೋಡೆಯ ಮೇಲಿನ ತಲೆ ಮಾಯವಾಯಿತು. ಕರಿಬೇವಿನ ಎಸಳು ಅಲ್ಲೇ ಬಿದ್ದಿತ್ತು.

ಗುಂಡಿ ಮುಚ್ಚಿ, ಕಂಬಿ ಬಿಗಿದು, ಮೋಟರು ಓಡಿಸಿ ತೋರಿಸಿ, ಮರುದಿನ ಲೋಗೇಶ್ ಮಿಲ್ಲಿನ ವೈರಿಂಗ್ ಕೆಲಸಕ್ಕೆಂದು ದಿಂಡುಕ್ಕಲ್ಲಿಗೆ ಹೋದ. ಹದಿನೈದು ದಿನ ಬರುವಂತಿರಲಿಲ್ಲ. ಇತ್ತ ಮುತ್ತಮ್ಮಾಳ ಗಂಡ ಆಂಡಿ ಬಸ್ಸಿನಿಂದ ಬಿದ್ದು ಕಾಲು ಉಳುಕಿಸಿಕೊಂಡ. ಆಂಡಿ ನಿವೃತ್ತ ಕಂಡಕ್ಟರ್. ಇಪ್ಪತ್ತೆಂಟು ವರ್ಷ ಕಂಬಂ ದಾರಿಯಲ್ಲಿ ಓಡುವ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಂದವನು, ಅಂದು ನಿಂತ ಬಸ್ಸಿನಿಂದ ಬಿದ್ದ. ಎರಡನೆಯ ದಿನ ಹಸು ಅರ್ಧ ಹಾಲು ಕೊಟ್ಟಿತು. ಐದನೆಯ ದಿನ ಗೋಡೆ ಪಕ್ಕದ ಕರಿಬೇವಿನ ಗಿಡ ಬಾಡಿತು. ಬೇರಿಗೆ ಮೂಟೆ ಉಪ್ಪು ಬಿದ್ದರೆ ಯಾವ ಗಿಡವಾದರೂ ಬಾಡುತ್ತದೆ. ಆದರೆ ಆಗ ಹಾಗೆ ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕರುಪ್ಪಯ್ಯ ಪಕ್ಕದ ಮನೆಗೆ ಸೂನ್ಯ ಇಟ್ಟಿದ್ದಾನೆ, ಮಾಟದ ಗುಂಡಿ ತೋಡಿ ಉಪ್ಪು ಬೇಡುವ ಏನನ್ನೋ ಒಳಗೆ ಕೂರಿಸಿದ್ದಾನೆ ಎಂಬುದು ಬೀದಿಗೆಲ್ಲ ಹಬ್ಬಿತು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ಬೀದಿಯಾದ್ದರಿಂದ ಸುದ್ದಿ ಎರಡೂ ಭಾಷೆಗಳಲ್ಲಿ ಓಡಿತು.

ವಾರದೊಳಗೆ ಅವನ ಎಲೆಯ ಕಟ್ಟುಗಳು ಅಂಗಡಿಯಲ್ಲೇ ಒಣಗತೊಡಗಿದವು. ಎರಡು ವರ್ಷದಿಂದ ಅವನಲ್ಲೇ ಎಲೆ ಕೊಳ್ಳುತ್ತಿದ್ದ ಮದುವೆ ಮಂಟಪದವರು ಬೇರೆ ಕಡೆ ಹೇಳಿಕೊಂಡರು. ಅವನ ಎಲೆಯಲ್ಲಿ ಬಡಿಸಿದ ಅನ್ನಕ್ಕೆ ಉಪ್ಪು ತಾನಾಗಿಯೇ ಏರುತ್ತದೆಂದು ಯಾರೋ ಹೇಳಿದ್ದರಂತೆ.

ಒಂಬತ್ತನೆಯ ದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಬೀದಿಯ ಹಿರಿಯರು ಸೇರಿದರು. ಎಲ್ಲರಿಗಿಂತ ಹಿರಿಯಳು ಕಣ್ಣಮ್ಮಾಳ್, ಬೀದಿಗೆಲ್ಲ ಪಾಟಿ, ಎಂದರೆ ಅಜ್ಜಿ; ಹಲ್ಲು ಎರಡೇ ಉಳಿದಿದ್ದರೂ ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಆಂಡಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದು, ಎಲ್ಲರಿಗೂ ಕಾಣುವಂತೆ ಅದನ್ನು ಚಾಚಿಕೊಂಡು ಕೂತ.

ಹೊರಡುವಾಗ ಗೋವಿಂದಮ್ಮಾಳ್ ಗಂಡನಿಗೆ ಹೇಳಿದ್ದಳು: “ಏನುಂಗ, ಲೋಗೇಶ ಬರ್ಲಿ, ಅವನೇ ಹೇಳ್ಲಿ ಅನ್ನಿ. ನೀವು ಏನೂ ಹೇಳ್ಬೇಡಿ.”

“ಹೇಳಿದ್ರೆ ತಾನೆ ತಿಳೀತದೆ” ಎಂದು ಕರುಪ್ಪಯ್ಯ ಅಂಗಿ ಗುಂಡಿ ಹಾಕಿಕೊಂಡು ಹೋದ.

“ಗುಂಡಿ ತೋಡಿದ್ದು ನಿಜವಾ?” ಕಣ್ಣಮ್ಮಾಳ್ ಕೇಳಿದಳು.

“ನಿಜ ಪಾಟಿ.”

“ಯಾರು ಕಲಿಸಿದ್ದು?”

“ಲೋಗೇಶ.”

“ಅವನೆಲ್ಲಿ?”

“ಮಾರನೇ ದಿನವೇ ಊರು ಬಿಟ್ಟ.”

ಕಟ್ಟೆಯ ಮೇಲೆ ಸಣ್ಣ ಗುಜುಗುಜು ಎದ್ದಿತು. ಕಣ್ಣಮ್ಮಾಳ್ ಕೈಯೆತ್ತಿದಳು.

“ಏನೋ ಅಡಿ ಇಳಿಸ್ತೀನಿ ಅಂದ್ಯಂತೆ. ಆ ಅಡಿ ಕಣ್ಣಿಗೆ ಕಾಣ್ತದಾ?”

“ಕಾಣಲ್ಲ. ಅದೇ ಅದರ ವಿಶೇಷ.”

“ಯಾರ ಮೇಲೆ ಬೀಳ್ತದೆ?”

“ಯಾರು ಮುಟ್ತಾರೋ ಅವರ ಮೇಲೆ. ಗಂಡಸು ಹೆಂಗಸು ಅಂತ ನೋಡಲ್ಲ.”

“ಸಾಯ್ತಾರಾ?”

ಕರುಪ್ಪಯ್ಯ ತುಸು ಯೋಚಿಸಿದ. ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. “ಸರಿಯಾಗಿ ಬಿದ್ರೆ ಕಂಡಿಪ್ಪಾ ಸಾಯ್ತಾರೆ ಪಾಟಿ, ಸಂದೇಹವೇ ಇಲ್ಲ.”

ಮುತ್ತಮ್ಮಾಳ್ ಸೆರಗು ಬಾಯಿಗೊತ್ತಿಕೊಂಡು ಕಟ್ಟೆಗೊರಗಿದಳು. ಆಂಡಿ ಕಾಲನ್ನು ಇನ್ನಷ್ಟು ಮುಂದೆ ಚಾಚಿದ. ಗುಂಡಿ ಅಗೆದು ಒಳಗಿದ್ದದ್ದನ್ನು ತೆಗೆಯಬೇಕು, ಕೋಡಾಂಗಿಯನ್ನು ಕರೆಸಬೇಕು, ಗೋವಿಂದಮ್ಮಾಳ ಅಣ್ಣನಿಗೆ ಹೇಳಿಕಳಿಸಬೇಕು ಎಂದು ತೀರ್ಮಾನವಾಯಿತು. ಆ ಸೀಮೆಯಲ್ಲಿ ಕೋಡಾಂಗಿ ಎಂದರೆ ಉಡುಕ್ಕೆ ಬಾರಿಸಿ ಕಣಿ ಹೇಳುವವನು, ದೆವ್ವ ಬಿಡಿಸುವವನು. ಕರ್ನಾಟಕದ ಓದುಗರು ತಮ್ಮ ಕಡೆಯ ಅರ್ಥವನ್ನು ಹಚ್ಚಬಾರದು. ಹಚ್ಚಿದರೆ ನಾನು ಹೊಣೆಯಲ್ಲ.

ಗೋವಿಂದಮ್ಮಾಳ ಅಣ್ಣ ಪಿಚ್ಚೈ ಆಂಡಿಪಟ್ಟಿಯಲ್ಲಿ ಕಡಲೆಕಾಯಿ ಬೆಳೆಯುವವನು. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಜೆಯ ಬಸ್ಸಿಗೆ ಬಂದಿಳಿದವನು ತಂಗಿಯ ಮುಖವನ್ನೂ ಅವಳ ಗಂಡನಾದ ಮಾಪಿಳ್ಳೆಯ ಮುಖವನ್ನೂ ನೋಡಿ ನಿಟ್ಟುಸಿರುಬಿಟ್ಟ.

“ಮಾಪ್ಳೆ, ಎಲೆ ಮಾರ್ಕಂಡು ನೆಮ್ಮದಿಯಾಗಿದ್ಯಲ್ಲಾ, ಇದೆಲ್ಲಾ ನಿನಗೆ ಯಾಕೆ?”

“ಮಚ್ಚಾನ್, ಅದು ಮೋಟರಿಗೆ ಹಾಕಿದ್ದು.”

“ಮೋಟರಿಗೆ ಸೂನ್ಯ ಇಡೋರನ್ನ ನಾನು ಕಂಡಿಲ್ಲ” ಎಂದು ಪಿಚ್ಚೈ ಸ್ನಾನಕ್ಕೆ ನಡೆದ. ಆಂಡಿಪಟ್ಟಿಯಲ್ಲಿ ನೀರಿಗೆ ಕೊಡದೊಡನೆ ಸಾಲು ನಿಲ್ಲುವವನು ಎರಡು ಕೊಳಾಯಿಯ ಬಚ್ಚಲಿನಿಂದ ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.

ಮರುದಿನ ಹತ್ತು ಗಂಟೆಗೆ ಕೋಡಾಂಗಿ ಬಂದ. ಹಣೆತುಂಬ ವಿಭೂತಿ, ಕೈಯಲ್ಲಿ ಉಡುಕ್ಕೆ. ಬೀದಿಯೇ ಹಿತ್ತಿಲಲ್ಲಿ ಕಿಕ್ಕಿರಿದಿತ್ತು. ಅವನು ಉಡುಕ್ಕೆ ಬಾರಿಸಿ ಗುಂಡಿಯನ್ನು ಮೂರು ಸುತ್ತು ಬಂದ, ಮೋಟರಿಗೂ ಪೈಪಿಗೂ ಬಿಗಿದಿದ್ದ ಕಂಬಿಯನ್ನು ಬಿಚ್ಚಿದ, ಅಗೆಸಿದ. ಕಪ್ಪಗೆ ಒದ್ದೆಯಾದ ಉಪ್ಪು ಮೇಲೆ ಬಂದಾಗ ಹೆಂಗಸರು ಹಿಂದೆ ಸರಿದರು. ತಗಡು ಮೇಲೆ ಬಂದಾಗ ಗಂಡಸರೂ ಸರಿದರು. ಕೋಡಾಂಗಿ ತಗಡನ್ನು ಟವೆಲಿನಿಂದ ಒರೆಸಿದ, ತಿರುಗಿಸಿ ನೋಡಿದ, ಬೆರಳ ಗೆಣ್ಣಿನಿಂದ ಟಣ್ ಎನಿಸಿದ. ಕಂಬಿಯನ್ನು ಸೊಟ್ಟಾಗದಂತೆ ಸುರುಳಿ ಸುತ್ತಿದ.

“ಇದು ಮನೇಲಿರಬಾರದು. ನಾನೇ ತಕಂಡೋಗಿ ಏನು ಮಾಡಬೇಕೋ ಮಾಡ್ತೀನಿ” ಎಂದ. “ಮೂರು ದಿನ ಮನೇಲಿ ಸ್ವಲ್ಪ ಆಟ ಆಡ್ತದೆ. ಹೆದರಬೇಡಿ. ಹೋಗೋದು ಒದ್ದೇ ಹೋಗೋದು.”

ಕರುಪ್ಪಯ್ಯನಿಗೆ ಆ ಹೊತ್ತಿನಲ್ಲಿ ಲೋಗೇಶನ ಮಾತು ಅರ್ಧ ನೆನಪಾಯಿತು. “ಪಾಟಿ, ಆ ಕಂಬಿ ಇಲ್ಲದೆ ಮೋಟರು…”

“ಸುಮ್ನಿರು” ಎಂದಳು ಕಣ್ಣಮ್ಮಾಳ್. ನೆನಪಾಗಬೇಕಿದ್ದ ಇನ್ನರ್ಧ ಅಲ್ಲಿಗೇ ನಿಂತಿತು.

ಮಾರನೆಯ ಬೆಳಿಗ್ಗೆ ಆರಕ್ಕೆ ಗೋವಿಂದಮ್ಮಾಳ್ ಮೋಟರು ಹಾಕಿದಳು. ಪಿಚ್ಚೈ ಬಚ್ಚಲಿಗೆ ಹೋದ. ಸ್ವಲ್ಪ ಹೊತ್ತಿಗೆ ಬಚ್ಚಲ ಬಾಗಿಲು ದಢಾರೆಂದು ತೆರೆಯಿತು. ಒದ್ದೆ ಟವೆಲಿನಲ್ಲಿ ಪಿಚ್ಚೈ ಪಡಸಾಲೆಯ ನಡುವೆ ಬಂದು ಬಿದ್ದಿದ್ದ. ಅಲ್ಲಿಯವರೆಗೆ ನಡೆದು ಬಂದನೋ ಹಾರಿ ಬಂದನೋ ಅವನಿಗೂ ಹೇಳಲಾಗಲಿಲ್ಲ. ತಲೆಗೂದಲು ಒದ್ದೆಯಾಗಿದ್ದರೂ ನೆಟ್ಟಗೆ ನಿಂತಂತಿತ್ತು.

“ಏನಾಯ್ತು ಮಚ್ಚಾನ್?”

“ಒದ್ದಿತು.”

“ಯಾರು?”

ಪಿಚ್ಚೈ ಬಚ್ಚಲ ಕಡೆ ಬೆರಳು ತೋರಿಸಿದ. “ಹೋಗ್ತಾ ಅದೆ.”

ಮನೆಯವರ ಮುಖದಲ್ಲಿ ಭಯವೂ ಸಮಾಧಾನವೂ ಒಟ್ಟಿಗೆ ಕಾಣಿಸಿದವು. ಕೋಡಾಂಗಿ ಹೇಳಿದ್ದು ನಿಜವಾಗುತ್ತಿತ್ತು. ಹತ್ತು ನಿಮಿಷಕ್ಕೆ ಅಡಿಗೆಮನೆಯಲ್ಲಿ ಗೋವಿಂದಮ್ಮಾಳಿಗೂ ಒದೆ ಬಿತ್ತು. ತೊಳೆಯುತ್ತಿದ್ದ ಚೊಂಬು ಸೂರಿಗೆ ಬಡಿಯಿತು. ಪಿಚ್ಚೈ ಕೂಗಿ ಹೇಳಿದ: “ಒಳ್ಳೇದು ತಂಗ್ಯಮ್ಮಾ, ಬೇಗ ಖಾಲಿಯಾಗ್ತದೆ.”

ಎರಡನೆಯ ದಿನ ಪಿಚ್ಚೈ ಇದನ್ನು ಕೂಲಂಕಷವಾಗಿ ಪರಿಶೀಲಿಸಿದ. ನೀರು ಮೇಲೇರುವ ಸದ್ದು ಕೇಳಿದಾಗ ಮಾತ್ರ ಅದು ಬರುತ್ತದೆ. ಸದ್ದು ನಿಂತರೆ ಅದೂ ಇಲ್ಲ. ಹಾಗಾದರೆ ಅದು ದಾಹದಿಂದ ಸತ್ತ ಜೀವವೇ ಇರಬೇಕು. ಬರಿಗಾಲಲ್ಲಿ ಮುಟ್ಟಿದರೆ ಒದೆಯುತ್ತದೆ; ರಬ್ಬರಿನ ಹವಾಯಿ ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಬರೀ ಚುರ್ ಎನ್ನುತ್ತದೆ. ದೆವ್ವ ಚಪ್ಪಲಿಗೆ ಹೆದರುವುದು ಹಿಂದಿನಿಂದ ಬಂದ ಮಾತೇ ತಾನೆ. ಅಂದಿನಿಂದ ಆ ಮನೆಯವರು ಅಡಿಗೆಮನೆಗೂ ಚಪ್ಪಲಿ ಹಾಕಿಕೊಂಡು ಹೋದರು, ಕೊಳಾಯಿಯನ್ನು ಮರದ ಸೌಟಿನಿಂದ ತಿರುಗಿಸಿದರು. ವಿದ್ಯುತ್ತಿನಿಂದ ಪಾರಾಗಲು ಏನೇನು ಮಾಡಬೇಕೋ ಅದೆಲ್ಲವನ್ನೂ ದೆವ್ವದ ಹೆಸರಿನಲ್ಲಿ ತಪ್ಪಿಲ್ಲದೆ ಮಾಡಿದರು. ಅವರು ಬದುಕಿ ಉಳಿದದ್ದು ಹೀಗೆ.

ಪಕ್ಕದ ಮನೆಯಲ್ಲಿ ಮಾತ್ರ ಯಾರೂ ಚಪ್ಪಲಿ ಹಾಕಿರಲಿಲ್ಲ. ಸೂನ್ಯ ಹೋಯಿತೆಂದು ಅವರು ನಿಶ್ಚಿಂತೆಯಿಂದಿದ್ದರು. ಜಗಳದ ದಿನಗಳಲ್ಲಿ ಮುತ್ತಮ್ಮಾಳ್ ಆ ಏಳನೆಯ ಕೊಳಾಯಿಗೆ ಬಟ್ಟೆ ಕಟ್ಟಿ ಬಿಟ್ಟಿದ್ದಳು. ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿ, ಹಸುವಿನ ಮುಂದೆ ಕಲ್ಲಿನ ಬಾನಿಗೆ ನೀರು ಬಿಡಲೆಂದು ಬಂದಳು. ಈ ಕಡೆ ಮೋಟರು ಓಡುತ್ತಿತ್ತು. ಹಸು ಅವಳಿಗಿಂತ ಮೊದಲೇ ಮೂತಿ ಚಾಚಿ ಕೊಳಾಯಿಯ ಬಾಯನ್ನು ನೆಕ್ಕಿತು.

ಹಸು ಅಷ್ಟೆತ್ತರ ನೆಗೆಯುವುದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಗೂಟ ಕಿತ್ತು, ಹಗ್ಗದ ತುದಿಯಲ್ಲಿ ಗೂಟವನ್ನು ಎಳೆದುಕೊಂಡೇ ಅದು ಬಜಾರು ಹಾದು ಬಸ್‌ಸ್ಟ್ಯಾಂಡಿನವರೆಗೆ ಓಡಿತು. ಹಿಂದೆ ಆಂಡಿ ಓಡಿದ. ಉಳುಕಿದ ಕಾಲು ಅಂದೇ ಸರಿಹೋದದ್ದನ್ನು ಬಜಾರೆಲ್ಲ ನೋಡಿತು. ಹಸು ಬೋಡಿಗೆ ಹೊರಟಿದ್ದ ಬಸ್ಸಿನ ಮುಂದೆ ನಿಂತಾಗ ಅವನು ಹಳೆಯ ಅಭ್ಯಾಸದಿಂದ ಸೀಟಿ ಊದಿ ಬಸ್ಸು ನಿಲ್ಲಿಸಿದ.

ಇತ್ತ ಮುತ್ತಮ್ಮಾಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಹಸು ಹೋಯಿತು, ಕೊಳಾಯಿ ಮಾತ್ರ ತೊಟ್ಟಿಕ್ಕುತ್ತಿದೆ. ಬಿಗಿಯಾಗಿ ನಿಲ್ಲಿಸೋಣವೆಂದು ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಕೈಹಾಕಿದಳು.

ಗೋಡೆಯಾಚೆ ದಬ್ ಎಂದು ಬಿದ್ದ ಸದ್ದು ಕೇಳಿ ಕರುಪ್ಪಯ್ಯ ಇಣುಕಿದ. ಮುತ್ತಮ್ಮಾಳ್ ಬಾನಿಯ ಪಕ್ಕ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಕರುಪ್ಪಯ್ಯನ ಬೆನ್ನ ಹಿಂದೆ ಮೋಟರು ಗುಂಯ್ ಎನ್ನುತ್ತಿತ್ತು. ಪೈಪಿಗೆ ಬರ್ತದೆ, ಮುಟ್ಟಿದವರಿಗೆ ಅಡಿ ಬೀಳ್ತದೆ ಎಂದ ಲೋಗೇಶನ ಮಾತಿನ ಇನ್ನರ್ಧವೂ ಆಗ ನೆನಪಾಯಿತು. ಅವನು ಓಡಿಹೋಗಿ ಸ್ವಿಚ್ಚು ಕೆಡವಿದ, ಗೋಡೆ ಹತ್ತಿ ಆ ಕಡೆ ಜಿಗಿದ, ಮಂಡಿ ಕೆತ್ತಿಹೋದದ್ದು ತಿಳಿಯಲಿಲ್ಲ. ಬಾನಿಯ ನೀರನ್ನು ಬೊಗಸೆಯಲ್ಲಿ ಮುಖಕ್ಕೆ ಎರಚಿದ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಮುತ್ತಮ್ಮಾಳ್ ಉಸಿರೆಳೆದು, ಅವನ ಮುಖ ಗುರುತು ಹಿಡಿದಳು.

“ಇಳಿಸೇಬಿಟ್ಟೆಯಲ್ಲಾ ತಮ್ಮಾ, ನಮ್ಮ ಕಡೆಗೇ” ಎಂದಳು, ಮೆಲ್ಲಗೆ.

ಕರುಪ್ಪಯ್ಯ ಒದ್ದೆ ನೆಲದ ಮೇಲೆ ಕುಸಿದು ಕೂತ. “ನನಗೆ ಗೊತ್ತಿಲ್ಲ ಅಕ್ಕಾ. ಅದು ಏನು, ಹೆಂಗೆ, ಯಾಕೆ, ನನಗೆ ಒಂದೂ ಗೊತ್ತಿಲ್ಲ. ಗೊತ್ತಿರೋನಂಗೆ ಮಾತಾಡ್ದೆ.”

ಗೋಡೆಯ ಆಚೆ ನಿಂತಿದ್ದ ಗೋವಿಂದಮ್ಮಾಳಿಗೆ ಅಷ್ಟು ದಿನ ಬಿದ್ದ ಎಲ್ಲ ಒದೆಗಳಿಗಿಂತ ಇದೇ ಜೋರಾಗಿತ್ತು. ಅವಳು ಪಿಚ್ಚೈಯನ್ನು ಮುತ್ತಮ್ಮಾಳ ಬಳಿ ಕೂರಿಸಿ, ಸೀರೆ ಕೂಡ ಬದಲಿಸದೆ ಕರೆಂಟು ಆಫೀಸಿಗೆ ಹೊರಟಳು. “ನಾನು ಬರ್ತೀನಿ” ಎಂದ ಕರುಪ್ಪಯ್ಯನಿಗೆ “ನೀವು ಬಂದ್ರೆ ವಿವರಿಸ್ತೀರಿ” ಎಂದಳು.

ಅವಳೊಡನೆ ಬಂದ ಇಂಜಿನಿಯರ್ ಜೆಯಂತಿಗೆ ಮೂವತ್ತು ದಾಟಿರಲಿಲ್ಲ. ಕಂಬಂ ಕಡೆಯ ಕನ್ನಡದ ಮನೆಯ ಹುಡುಗಿ. ಎಲ್ಲ ಅರ್ಥವಾಗುತ್ತಿತ್ತು, ಆಡಲು ಹೋದರೆ ನಾಲಗೆ ತಡವರಿಸುತ್ತಿತ್ತು. ಯಾರೂ ಪೈಪು ಮುಟ್ಟಕೂಡದೆಂದು ಹೇಳಿ ಮೋಟರು ಹಾಕಿಸಿದಳು. ಟೆಸ್ಟರ್ ಹಿಡಿದು ಮುಂಬಾಗಿಲ ಕೊಳಾಯಿಗೆ ತಾಗಿಸಿದಳು. ದೀಪ ಹೊತ್ತಿತು. ಅಡಿಗೆಮನೆ, ಬಚ್ಚಲು, ಹಿತ್ತಿಲು, ಎಲ್ಲೆಲ್ಲಿ ಇಟ್ಟರೂ ಹೊತ್ತಿತು. ಪಕ್ಕದ ಹಿತ್ತಿಲಿನ ಏಳನೆಯದಕ್ಕೂ ಹೊತ್ತಿತು.

“ಎಷ್ಟು ದಿವಸದಿಂದ ಇದು?”

“ಮೂರು ದಿವಸ ಮೇಡಂ.”

“ಮೂರು ದಿವಸ ಈ ಕೊಳಾಯೀಲಿ ನೀರು ಹಿಡಿದ್ರಾ? ಎಲ್ಲರೂ ಉಯಿರೋಡ, ಜೀವದಿಂದ ಇದ್ದೀರಾ?” ಎಂದು ತಲೆಗಳನ್ನು ಎಣಿಸಿದಳು. ಅವಳ ಕಣ್ಣು ಅವರ ಕಾಲಿನ ಹವಾಯಿ ಚಪ್ಪಲಿಗಳ ಮೇಲೆ ಬಿತ್ತು. ಏನೋ ಕೇಳಲು ಹೋಗಿ ಬಿಟ್ಟಳು. “ಎರ್ತ್ ಎಲ್ಲಿ?”

ಎಲ್ಲರೂ ಗುಂಡಿಯಿದ್ದ ಮೂಲೆಯ ಕಡೆ ನೋಡಿದರು. ಕೊನೆಗೆ ಪಿಚ್ಚೈ ಹೇಳಿದ: “ಕೋಡಾಂಗಿ ತಕಂಡೋದ ಮೇಡಂ.”

“ಏನನ್ನ?”

“ಎರ್ತನ್ನ.”

ಜೆಯಂತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕಂಬದ ತಂತಿ ಕದ್ದವರನ್ನು, ಮೀಟರು ತಿರುಚಿದವರನ್ನು ಅವಳ ಸರ್ವೀಸು ಕಂಡಿತ್ತು. ಎರ್ತಿಂಗನ್ನು ಉಡುಕ್ಕೆ ಬಾರಿಸಿ ಕರೆದೊಯ್ದವರನ್ನು ಕಂಡಿರಲಿಲ್ಲ. ಒಂದು ಲೋಟ ನೀರು ಕೇಳಿದಳು. ತಂದುಕೊಟ್ಟಾಗ ಅದನ್ನು ಯಾವ ಕೊಳಾಯಿಯಿಂದ ಹಿಡಿದದ್ದೆಂದು ವಿಚಾರಿಸಿ, ಕುಡಿಯದೆ ಕೆಳಗಿಟ್ಟಳು.

ಆಮೇಲೆ ನಿಧಾನವಾಗಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿದಳು. ಮೋಟರು ಮೊದಲ ದಿನದಿಂದಲೂ ಸೋರುತ್ತಲೇ ಇದ್ದಿರಬೇಕು. ಸೋರಿದ್ದೆಲ್ಲ ಆ ಗುಂಡಿಗೆ ಇಳಿದುಹೋಗುತ್ತಿತ್ತು. ಗುಂಡಿ ಅಗೆದು ಕಂಬಿ ಕಿತ್ತದ್ದರಿಂದ ಅದೇ ಕರೆಂಟು ಜನರ ಮೇಲೆ ಬಂತು.

ಹಿಂದೆ ನಿಂತಿದ್ದ ಕಣ್ಣಮ್ಮಾಳ್ ಮುಂದೆ ಬಂದಳು. “ಅಂದ್ರೆ ಮಗಳೆ, ಇಷ್ಟು ದಿನ ನಮ್ಮ ಬದಲಿಗೆ ಅದು ಒದೆ ತಿಂತಾ ಇತ್ತಾ?”

“ಆಮಾ ಪಾಟಿ. ಎಲ್ಲಾ ಅದೇ ತಿಂತಿತ್ತು.”

“ಒದೆ ತಿನ್ನೋದನ್ನ ನಾವೇ ಅಗೆದು ಓಡಿಸಿದ್ವಾ?”

ಗುಂಡಿಯಿದ್ದ ಜಾಗದ ಮೇಲೆ ಚಪ್ಪಲಿ ಕಾಲಲ್ಲಿ ನಿಂತಿದ್ದ ಪಿಚ್ಚೈ ಮೆಲ್ಲಗೆ ಪಕ್ಕಕ್ಕೆ ಸರಿದ.

ಅದೇ ಮಧ್ಯಾಹ್ನ ಕರುಪ್ಪಯ್ಯನೂ ಪಿಚ್ಚೈಯೂ ತಗಡು ತರಲು ಕೋಡಾಂಗಿಯ ಹಳ್ಳಿಗೆ ಹೋದರು. ಮುಂದೆ ಯಾರೂ ಕಾಣಲಿಲ್ಲ. ಹಿತ್ತಿಲಿಗೆ ಹೋದರೆ ಕೋಡಾಂಗಿ ಎದೆಯುದ್ದ ಗುಂಡಿಯಲ್ಲಿ ನಿಂತಿದ್ದ. ಅಂಚಿನಲ್ಲಿ ಇದ್ದಿಲ ಮೂಟೆ, ಉಪ್ಪಿನ ಮೂಟೆ, ಇವರದೇ ತಗಡು, ಸುರುಳಿ ಸುತ್ತಿದ ಇವರದೇ ಕಂಬಿ. ಹಿಂಬಾಗಿಲಲ್ಲಿ ಹೊಸ ಫ್ರಿಜ್ಜು ರಟ್ಟಿನ ಪೆಟ್ಟಿಗೆಯಿಂದ ಅರ್ಧ ಹೊರಬಂದು ನಿಂತಿತ್ತು.

ಪಿಚ್ಚೈ ಕೇಳಿದ: “ಇದು ಎರ್ತ್ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನು” ಎಂದ ಕೋಡಾಂಗಿ, ಗುದ್ದಲಿಗೆ ಒರಗಿಕೊಂಡು. “ಇಂಥ ದಪ್ಪ ತಗಡು ಈಗ ಎಲ್ಲಿ ಸಿಗ್ತದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ದು ಸೂನ್ಯ ತೆಗೀ ಅಂತ. ಎರ್ತಾ ಅಂತ ಕೇಳೋದಿದ್ರೆ ವೈರ್‌ಮ್ಯಾನನ್ನ ಕರೆಸಬೇಕಿತ್ತು. ಒದ್ದೇ ಹೋಗ್ತದೆ ಅಂತ ಮೊದಲೇ ಹೇಳಿದ್ನಲ್ಲಾ, ಒದೀಲಿಲ್ವಾ?”

ಪಿಚ್ಚೈ ಬಗ್ಗಿ ಕಾಲಿನ ಹವಾಯಿ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡ. ಅದಕ್ಕೆ ದೆವ್ವಗಳು ಮಾತ್ರವಲ್ಲ, ಕೋಡಾಂಗಿಗಳೂ ಹೆದರುತ್ತಾರೆಂದು ಆ ದಿನ ಗೊತ್ತಾಯಿತು. ತಗಡು, ಕಂಬಿ ಎರಡನ್ನೂ ಕೋಡಾಂಗಿ ತಾನೇ ಹೊತ್ತು ತಂದು ಬಸ್ಸಿಗೆ ಹಾಕಿಕೊಟ್ಟ.

ನಾಲ್ಕು ದಿನಕ್ಕೆ ಲೋಗೇಶ್ ದಿಂಡುಕ್ಕಲ್ಲಿನಿಂದ ಬಂದ. ನಡೆದದ್ದನ್ನು ಕೇಳಿ, ಗುಂಡಿಯೊಳಗಿಂದ ಉಪ್ಪು ಬೇಡಿದ ದೆವ್ವ ತಾನೇ ಎಂದು ತಿಳಿದು, ಸ್ಕ್ರೂಡ್ರೈವರ್ ತೆಗೆದು ಮೋಟರು ಬಿಚ್ಚಲು ಕೂತ. ಮೋಟರನ್ನು ತೇನಿಗೆ ಕಳಿಸಿ ಒಳಗಿನ ಸುರುಳಿ ಹೊಸದಾಗಿ ಸುತ್ತಿಸಿದರು. ಉಳಿದದ್ದು ಗುಂಡಿ. ಅದನ್ನು ಈ ಸಲ ಮುತ್ತಮ್ಮಾಳ ಗೋಡೆಯಿಂದ ದೂರ, ಮುಂದುಗಡೆ ತೋಡುತ್ತೇನೆಂದು ಕರುಪ್ಪಯ್ಯ ಹೇಳಿಕಳಿಸಿದ.

ಮುತ್ತಮ್ಮಾಳ್ ತಾನೇ ಬಂದಳು. “ಯಾಕೆ ತಮ್ಮಾ, ಒದೆ ತಿನ್ನೋದನ್ನ ಒಣ ನೆಲದಲ್ಲಿ ಇಟ್ಟು ಸಾಯಿಸ್ತೀಯಾ? ತೇವ ನಮ್ಮ ಕಡೆ ಅದೆ ಅಂತ ನೀನೇ ಅಂದ್ಯಲ್ಲಾ. ನಮ್ಮ ಹಿತ್ತಿಲಲ್ಲೇ ತೋಡು.”

ಹಾಗಾಗಿ ಗುಂಡಿ ಅವಳ ಹಿತ್ತಿಲಲ್ಲೇ ಆಯಿತು. ಪರೀಕ್ಷಿಸಲು ಜೆಯಂತಿ ಬಂದಾಗ ಅವಳಿಗೆ ದಾರಿ ಸಿಗಲಿಲ್ಲ. ಬೀದಿಯವರೆಲ್ಲ ಮನೆಮನೆಯಿಂದ ಸೇರಿನಲ್ಲಿ, ಮೊರದಲ್ಲಿ, ಸೆರಗಿನಲ್ಲಿ ಉಪ್ಪು ತಂದಿದ್ದರು. ಮದುವೆ ಮಂಟಪದವರೂ ಒಂದು ಚೀಲ ಕಳಿಸಿದ್ದರು; ಜೊತೆಗೆ ಮುಂದಿನ ಮುಹೂರ್ತಕ್ಕೆ ಎಲೆ ಬೇಕೆಂಬ ಚೀಟಿ. ಲೋಗೇಶ್ ಗುಂಡಿಯ ಅಂಚಿನಲ್ಲಿ ನಿಂತು ಸಾಕು ಸಾಕು ಎಂದು ಕೈಮುಗಿಯುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಮೊದಲ ಹಿಡಿ ಹಾಕಲು ಕಣ್ಣಮ್ಮಾಳ್ ಜೆಯಂತಿಯ ಕೈಗೇ ಉಪ್ಪು ಕೊಟ್ಟಳು. ಸರ್ಕಾರಿ ನೌಕರಳಾದ ತಾನು ಇದನ್ನು ಮಾಡಬಹುದೇ ಎಂದು ಜೆಯಂತಿ ಒಂದು ಗಳಿಗೆ ಯೋಚಿಸಿ, ಹಾಕಿದಳು.

ಗುಂಡಿ ಮುಚ್ಚಿದರು. ಕಂಬಿ ಬಿಗಿದರು. ಮೋಟರು ಗುಂಯ್ ಎಂದಿತು. ಜೆಯಂತಿ ಮುತ್ತಮ್ಮಾಳ ಹಿತ್ತಿಲಿನ ಕೊಳಾಯಿಗೆ ಟೆಸ್ಟರ್ ತಾಗಿಸಿದಳು. ಎಲ್ಲರೂ ಬಗ್ಗಿ ಅದರ ದೀಪವನ್ನೇ ನೋಡಿದರು. ಅದು ಹೊತ್ತಲಿಲ್ಲ.

“ಹೊತ್ತಲೇ ಇಲ್ಲವಲ್ಲಾ” ಎಂದಳು ಮುತ್ತಮ್ಮಾಳ್, ನಿರಾಸೆಯಿಂದ. “ಇಷ್ಟು ಉಪ್ಪು ಹಾಕಿದ್ದು ದಂಡವಾ?”

“ಹೊತ್ತಬಾರದು ಅಕ್ಕಾ. ಹೊತ್ತದಿದ್ರೇನೇ ನಲ್ಲದು.”

“ಒಳ್ಳೇದಾಯ್ತು ಅಂತ ತಿಳಿಯೋಕೆ ಒಂದು ಗುರುತು ಬೇಡ್ವಾ ಮಗಳೆ?” ಎಂದಳು ಕಣ್ಣಮ್ಮಾಳ್.

“ಏನೂ ಆಗದೆ ಇರೋದೇ ಗುರುತು ಪಾಟಿ.”

ಆ ಮಾತು ಯಾರಿಗೂ ರುಚಿಸಲಿಲ್ಲ. ಹೊಸ ಗೂಟಕ್ಕೆ ಕಟ್ಟಿದ್ದ ಹಸು ಕೂಡ ಕೊಳಾಯಿಗೆ ಬೆನ್ನು ತಿರುಗಿಸಿ ನಿಂತಿತ್ತು. ಕರುಪ್ಪಯ್ಯ ಒಮ್ಮೆ ಬಾಯಿ ತೆರೆದ, ಗೋವಿಂದಮ್ಮಾಳ್ ಅವನನ್ನು ನೋಡಿದಳು, ಅವನು ಬಾಯಿ ಮುಚ್ಚಿದ. ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಡೆದು ಹೋಗಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೊಳಾಯಿಯನ್ನು ಹಿಡಿದು ತಿರುಗಿಸಿದ. ನೀರು ಅವನ ಕೈಮೇಲಿಂದ ಬಾನಿಗೆ ಸುರಿಯಿತು. ಮುತ್ತಮ್ಮಾಳ್ ಗೋವಿಂದಮ್ಮಾಳ ತೋಳು ಹಿಡಿದುಕೊಂಡಳು. ಅವನು ಕೈ ತೆಗೆಯಲಿಲ್ಲ. ಬಾನಿ ಅರ್ಧ ತುಂಬಿತು, ಪೂರ್ತಿ ತುಂಬಿತು, ತುಂಬಿ ಹರಿಯಿತು.

ಏನೂ ಆಗಲಿಲ್ಲ. ಏನೂ ಆಗದ್ದನ್ನು ಆ ಬೀದಿಯವರು ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತು ನೋಡಿದ್ದು ಅದೇ ಮೊದಲು.